ಸಾಗವಾನಿಗೆ ಗೆದ್ದಲು ಹತ್ತುವುದಿಲ್ಲ

ಮದುವೆಯಾಗಿ ದಾಸನಕೊಪ್ಪಕ್ಕೆ ಬಂದ ಮರುದಿನ ಅತ್ತೆ ನನಗೆ ಮನೆ ತೋರಿಸಿದರು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಡುಗೆಮನೆ, ಬಚ್ಚಲು, ಜೋಳ ಅಕ್ಕಿ ತುಂಬಿಡುವ ತಗಡಿನ ಡಬ್ಬಿಗಳು, ಗೋಡೆಯಾಚೆ ನಮ್ಮದೇ ಹಿಟ್ಟಿನ ಗಿರಣಿ. ಕೊನೆಗೆ ನಡುಮನೆಯಲ್ಲಿ ನಿಂತು ಮೇಲಕ್ಕೆ ಬೆರಳು ಮಾಡಿದರು. ಅಟ್ಟದ ಮೇಲೆ, ಗೋಡೆಗೆ ಒತ್ತಿ, ಇಳಕಲ್ ಸೀರೆಯಲ್ಲಿ ಸುತ್ತಿ ಕಟ್ಟಿದ ದೊಡ್ಡ ಗಂಟೊಂದು ಕೂತಿತ್ತು.

“ಅದು ತೊಟ್ಟಿಲ. ಕಲಘಟಗಿದು. ನಿನ್ನ ಗಂಡ, ನಿನ್ನ ನಾದ್ನಿ ಎಲ್ಲಾ ಅದರಾಗ ಮಲಗಿದವ್ರ,” ಎಂದರು. ನನಗೆ ನಾಚಿಕೆಯಾಗಿ ತಲೆ ತಗ್ಗಿಸಿದೆ. ಆ ನಾಚಿಕೆಯನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಬರಿ ತೊಟ್ಟಿಲು ತೂಗಬಾರದು ಎನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮಾತು. ನನ್ನ ಗಂಡನ ಮನೆಯವರು ಅದನ್ನು ಇನ್ನೂ ನಾಲ್ಕು ಹೆಜ್ಜೆ ಮುಂದಕ್ಕೆ ಒಯ್ದಿದ್ದರು. ಕೂಸು ಹುಟ್ಟಿದ ಮೇಲೆಯೇ ತೊಟ್ಟಿಲನ್ನು ಅಟ್ಟದಿಂದ ಇಳಿಸಬೇಕು. ನಡುವೆ ಒರೆಸಲಿಕ್ಕೆಂದು, ನೋಡಲಿಕ್ಕೆಂದು ಗಂಟು ಬಿಚ್ಚುವ ಹಾಗಿಲ್ಲ. ಹಡೆದವಳೇ ಕೈಯೊಡ್ಡಿ ಇಳಿಸಿಕೊಳ್ಳಬೇಕು, ಹಡೆಯದವಳು ಮುಟ್ಟುವಂತೆಯೇ ಇಲ್ಲ. ನಾನು ಬರುವ ಮುಂಚೆ ನಾದಿನಿಯ ಮಗಳು ಅದರಲ್ಲಿ ಮಲಗಿ ಎದ್ದು ಯಲ್ಲಾಪುರ ಕಡೆಗೆ ಅಪ್ಪನ ಮನೆಗೆ ಹೋಗಿದ್ದಳು. ಮುಂದಿನ ಪಾಳಿ ನನ್ನದು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ಗಿರಣಿಗೆ ಅಂಟಿಕೊಂಡ ಮನೆಯಲ್ಲಿ ಬಾಳುವುದೆಂದರೆ ಹುಳುಗಳ ಜೊತೆ ಬಾಳುವುದು ಎಂದೇ ಅರ್ಥ. ಊರಿನವರು ಬೀಸಲು ತರುವ ಜೋಳದ ಜೊತೆ ನುಸಿ ಬರುತ್ತಿತ್ತು, ಅವರ ಚೀಲದ ಹೊಲಿಗೆಯಲ್ಲಿ ಜಿರಳೆ ಬರುತ್ತಿತ್ತು, ಇಲಿಗಳು ಮಾತ್ರ ಯಾರ ಜೊತೆಗೂ ಬರದೆ ಸ್ವಂತ ಕಾಲ ಮೇಲೆ ಬರುತ್ತಿದ್ದವು. ನಾನು ತವರಲ್ಲಿ ಜಗಳಗಂಟಿ ಎಂದೇ ಹೆಸರಾದವಳು. ಆ ಜಗಳವನ್ನೆಲ್ಲ ಇಲ್ಲಿ ಹುಳುಗಳ ಮೇಲೆ ತೀರಿಸಿಕೊಂಡೆ. ಕಾಳನ್ನು ಬಿಸಿಲಿಗೆ ಹರವಿದೆ, ಬೇವಿನ ಸೊಪ್ಪು ಹಾಕಿ ತುಂಬಿದೆ. ಮಂಚದ ಸಂದಿಗೆಲ್ಲ ಕುದಿಯುವ ನೀರು ಹೊಯ್ದು ತಿಗಣೆಯ ವಂಶ ತೆಗೆದೆ. ಇಲಿಗೆ ಬೋನು ಇಟ್ಟೆ. ವರ್ಷ ತುಂಬುವುದರೊಳಗೆ ಅತ್ತೆ ನೆರೆಮನೆಯಾಕೆಯ ಮುಂದೆ, “ನಮ್ಮ ಹುಡುಗಿ ಕಾಲಿಟ್ಟ ಮ್ಯಾಲೆ ಮನ್ಯಾಗ ಒಂದ ನುಸಿ ಕಾಣವಲ್ದು ನೋಡ,” ಎಂದು ಹೇಳಿಕೊಂಡು ತಿರುಗಿದರು. ನನಗೂ ಸ್ವಲ್ಪ ಜಂಬ ಬಂತು.

ಗೆದ್ದಲು ಆ ಜಂಬ ಇಳಿಸಿತು. ಒಂದು ಮಳೆಗಾಲದ ಕೊನೆಗೆ ನಡುಮನೆಯ ಬಾಗಿಲ ಚೌಕಟ್ಟಿನ ಮೇಲೆ ಬಣ್ಣ ಸ್ವಲ್ಪ ಉಬ್ಬಿದ ಹಾಗೆ ಕಂಡಿತು. ಹೆಬ್ಬೆಟ್ಟಿನಿಂದ ಒತ್ತಿದೆ. ಬೆರಳು ಒಳಗೇ ಹೋಯಿತು. ಒಳಗೆ ಕಟ್ಟಿಗೆ ಎಂಬುದೇ ಇರಲಿಲ್ಲ. ಹಸಿ ಮಣ್ಣು, ಅದರಲ್ಲಿ ಬೆಳ್ಳಗೆ ಹರಿದಾಡುವ ಹುಳುಗಳು. ಹೊರಗೆ ಬಣ್ಣ ಹಾಗೇ ಇತ್ತು. ಇಲಿಯಾದರೆ ಕದ್ದು ತಿಂದರೂ ಗುರುತು ಬಿಟ್ಟು ಹೋಗುತ್ತದೆ, ಬೈಯಲಿಕ್ಕಾದರೂ ಬರುತ್ತದೆ. ಇದು ಎಷ್ಟು ತಿಂಗಳಿನಿಂದ ತಿನ್ನುತ್ತಿತ್ತೋ, ನಾವು ದಿನಾ ಅದೇ ಬಾಗಿಲು ದಾಟಿ ಓಡಾಡುತ್ತಿದ್ದೆವು.

ಅಲ್ಲಿಂದ ಶುರುವಾಯಿತು. ಗಿರಣಿಯ ಎಂಜಿನ್ನಿನಿಂದ ತೆಗೆದ ಸುಟ್ಟ ಎಣ್ಣೆ ಹಚ್ಚಿದೆವು. ಚಿಮಣಿ ಎಣ್ಣೆ ಹೊಯ್ದೆವು. ಗೋಡೆಯ ಬುಡಕ್ಕೆ ಸುಣ್ಣ, ಉಪ್ಪು ತುಂಬಿದೆವು. ಹೊಲಕ್ಕೆ ಎರಚುವ ಬಿಳಿ ಪುಡಿಯನ್ನು ಎರಚಿ ವಾರವಿಡೀ ತಲೆನೋವು ಅನುಭವಿಸಿದೆವು. ಯಾರೋ ಗೇರೆಣ್ಣೆ ಹಚ್ಚಿರಿ ಎಂದರು. ಗೇರುಬೀಜದ ಸಿಪ್ಪೆಯ ಎಣ್ಣೆ ಅದು, ಮೈಗೆ ತಾಗಿದರೆ ಸುಡುತ್ತದೆ ಎಂದು ಹೇಳುವಷ್ಟು ಪುರುಸೊತ್ತು ಮಾತ್ರ ಅವರಿಗೆ ಇರಲಿಲ್ಲ. ಬರಿಗೈಯಿಂದ ತೊಲೆಗೆಲ್ಲ ಹಚ್ಚಿದೆ. ಸಂಜೆಯ ಹೊತ್ತಿಗೆ ಎರಡೂ ಅಂಗೈ ಗುಳ್ಳೆ ಎದ್ದು ರೊಟ್ಟಿ ತಟ್ಟುವುದು ದೂರ ಉಳಿಯಿತು, ತಿನ್ನಲೂ ಆಗಲಿಲ್ಲ. ಅತ್ತೆ ಕೊಬ್ಬರಿ ಎಣ್ಣೆ ಹಚ್ಚಿ, ರೊಟ್ಟಿ ಮುರಿದು ಪಲ್ಯ ಸುತ್ತಿ ನನ್ನ ಬಾಯಿಗಿಟ್ಟರು. “ಕೂಸಿಗೆ ಉಣಿಸೂದು ರೂಢಿ ಮಾಡ್ಕೊಳಾಕತ್ತೇನಿ,” ಎಂದು ನಕ್ಕರು. ನಾನೂ ನಕ್ಕೆ.

ಕೂಸು ಬರಲಿಲ್ಲ. ಮದುವೆಯಾಗಿ ಮೂರ್ನಾಲ್ಕು ವರ್ಷವಾಗಿತ್ತು. ಗೆದ್ದಲಿಗೆ ಔಷಧ ಹೇಳಿದವರೇ ಬಸಿರಿಗೂ ಔಷಧ ಹೇಳತೊಡಗಿದರು, ಒಂದೇ ಉಸಿರಿನಲ್ಲಿ. ಎರಡೂ ಔಷಧ ಒಂದೇ ರೀತಿ ಕೆಲಸ ಮಾಡುತ್ತಿದ್ದವು. ಶಿರಸಿಯ ಡಾಕ್ಟರರ ಹತ್ತಿರ ಹೋದೆವು, ಆಮೇಲೆ ಹುಬ್ಬಳ್ಳಿಗೆ. ನಮ್ಮ ಮನೆಯವರು ಮಾತು ಕಡಿಮೆಯ ಮನುಷ್ಯ. ದವಾಖಾನೆಯ ಬಾಕಿನ ಮೇಲೆ ಕೂತು, ಅಂಗಿಯ ಮೇಲಿನ ಹಿಟ್ಟು ಜಾಡಿಸಿಕೊಳ್ಳುತ್ತಿದ್ದರು. ಇಬ್ಬರಲ್ಲೂ ಅಂಥ ದೋಷವಿಲ್ಲ, ಕಾಯಿರಿ ಎಂದರು ಡಾಕ್ಟರು. ದೋಷವಿದೆ ಎಂದಿದ್ದರೆ ಚೆನ್ನಾಗಿತ್ತು. ಕಾಯಿರಿ ಎಂದರೆ ಎಲ್ಲಿಯವರೆಗೆ ಎಂದು ಯಾರನ್ನು ಕೇಳುವುದು?

ಆ ಹೊತ್ತಿಗೇ ನಾದಿನಿ ಎರಡನೆಯದನ್ನು ಹೆತ್ತಳು, ಗಂಡು. ತೊಟ್ಟಿಲು ಒಯ್ಯಲು ತಾನೇ ಗಾಡಿ ಮಾಡಿಕೊಂಡು ಬಂದಳು. ಹುಟ್ಟಿದ ಮನೆಯ ತೊಟ್ಟಿಲು, ಕೇಳಲು ಅವಳಿಗೆ ಹಕ್ಕಿತ್ತು. ನಾನು ಒಳಗೆ ಚಹಾ ಕಾಸುತ್ತಿದ್ದೆ. ಅತ್ತೆ ಕೊಡುವುದಿಲ್ಲ ಎಂದದ್ದು ಕೇಳಿಸಿತು.

“ಈ ಮನಿ ಪಾಳಿ ಬಾಕಿ ಐತೆವ್ವಾ. ತೊಟ್ಟಿಲ ಹೊಸ್ತಿಲ ದಾಟಿದ್ರ ಈ ಮನಿಗೆ ಬರೂ ಕೂಸು ಅದರ ಹಿಂದನ ಹೋಗತೈತಿ. ನೀ ಹೊಸಾದು ತಗೊ.”

“ನಾ ನಿನ್ನ ಮಗಳು ಹೌದೋ ಅಲ್ಲೋ?”

“ಮಗಳ. ಆದ್ರ ನಿನ್ನ ಕೈಯಾಗ ಎರಡ ಅದಾವ.”

ನಾದಿನಿ ಚಹಾ ಮುಟ್ಟದೆ ಎದ್ದು ಹೋದಳು. ಆ ವರ್ಷ ಪಂಚಮಿ ಹಬ್ಬಕ್ಕೆ ತವರಿಗೆ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಅತ್ತೆ ಹಬ್ಬದ ಉಂಡಿ ಕಟ್ಟಿ ಯಾರ ಕೈಯಲ್ಲೋ ಕಳಿಸಿದರು. ನನಗಾಗಿ ಹೆತ್ತ ಮಗಳನ್ನೇ ದೂರ ಮಾಡಿಕೊಂಡ ಅತ್ತೆಯ ಬಗ್ಗೆ ನಾನು ಏನು ಹೇಳಲಿ? ಸೊಸೆಯರು ಅತ್ತೆಯರ ಕುರಿತು ಹೇಳುವ ಮಾತುಗಳು ಬೇರೆ ಇರುತ್ತವೆ. ನಾಲ್ಕು ಹೆಂಗಸರು ಕೂತಾಗ ಅಂಥ ಮಾತಿಗೆ ನನ್ನಲ್ಲಿ ಬಂಡವಾಳವೇ ಇರಲಿಲ್ಲ. ಅವರು ನನಗೆ ಕೊಟ್ಟ ಕಷ್ಟ ಅದೊಂದೇ, ನನ್ನನ್ನು ನಂಬಿಕೊಂಡು ಕೂತದ್ದು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಗೆದ್ದಲು ಕೈಮೀರಿತು. ದೇವರ ಜಗಲಿಯ ಹಲಗೆ ಹೋಯಿತು, ಗೋಡೆಗೆ ನೇತುಹಾಕಿದ್ದ ಮಾವನವರ ಫೋಟೋ ಹಿಂದಿನಿಂದ ಖಾಲಿಯಾಗಿ ಗಾಜೊಂದೇ ಉಳಿಯಿತು. ಕಪಾಟಿನ ಕೆಳಗಿನ ಖಾನೆಯಲ್ಲಿ ಮಡಿಸಿಟ್ಟ ನನ್ನ ಸೀರೆಗಳು ಮಡಿಕೆ ಮಡಿಕೆಯಲ್ಲೂ ತೂತಾದವು. ಬೆಳಿಗ್ಗೆ ಗೋಡೆಯ ಮೇಲಿನ ಮಣ್ಣಿನ ಗೆರೆಗಳನ್ನು ಪೊರಕೆಯಿಂದ ಕೆಡವುತ್ತಿದ್ದೆ, ಮರುದಿನ ಅದೇ ಜಾಗದಲ್ಲಿ ಹಸಿಯಾಗಿ ಮತ್ತೆ ಎದ್ದಿರುತ್ತಿದ್ದವು. ಕೊನೆಗೆ ನಮ್ಮ ಮನೆಯವರು ಶಿರಸಿಯಿಂದ ಔಷಧಿ ಹೊಡೆಯುವವನನ್ನು ಕರೆಸಿದರು. ಬೆನ್ನಿಗೆ ಪಂಪು ಕಟ್ಟಿಕೊಂಡು ಬಂದ ಅವನು, ಮನೆ ಪೂರ್ತಿ ಖಾಲಿ ಮಾಡಿ ಕೊಡಿ ಎಂದ.

ಖಾಲಿ ಮಾಡಿದೆವು. ಮಂಚ, ಕಪಾಟು, ಪಾತ್ರೆ, ಕಾಳಿನ ಡಬ್ಬಿ, ಹಾಸಿಗೆ ಎಲ್ಲ ರಸ್ತೆಯ ಬದಿಗೆ ಬಂದವು. ಬನವಾಸಿ ಬಸ್ಸಿನಲ್ಲಿ ಕೂತವರು ಕತ್ತು ಹೊರಹಾಕಿ ನಮ್ಮ ಸಂಸಾರ ನೋಡಿಕೊಂಡು ಹೋದರು. ಅಟ್ಟದ ಮೇಲಿನ ಹಳೆ ಸಾಮಾನೆಲ್ಲ ಇಳಿಯಿತು. ಗಂಟೊಂದು ಉಳಿಯಿತು.

“ಅಮ್ಮಾ, ಅದೊಂದು ಇಳಿಸಿ ಕೊಡಿ. ಅದ್ರ ಹಿಂದ್ಗಡೆ ಗೋಡೆಗೆ ಹೊಡಿಬೇಕು,” ಎಂದ ಅವನು.

ಅತ್ತೆ ಅಟ್ಟದ ಕೆಳಗೆ ಹೋಗಿ ನಿಂತರು. “ಅದು ಸಾಗವಾನಿ. ಸಾಗವಾನಿಗೆ ಗೆದ್ದಲ ಹತ್ತೂದಿಲ್ಲ. ಮ್ಯಾಲೆ ಅರಗಿನ ಬಣ್ಣ ಬ್ಯಾರೆ ಐತಿ.”

“ಇಳಿಸ್ದೇ ಹೋದ್ರೆ ಅದ್ರ ಮೇಲೇ ಹೊಡಿತೆ, ಏನೂ ಆಗೂದಿಲ್ಲ.”

“ನಾಳೆ ಕೂಸು ಮಲಗೂ ತೊಟ್ಟಿಲಕ್ಕ ಇಸಾ ಹೊಡಿತಿಯೇನೋ ತಮ್ಮಾ? ಬಾಯಿ ಹಚ್ಚಿ ಚೀಪೂ ಕೂಸು!”

ಅವನು ನನ್ನ ಕಡೆ ನೋಡಿದ. ನಮ್ಮ ಮನೆಯವರೂ ನನ್ನ ಕಡೆ ನೋಡಿದರು. ನಾನೊಂದು ಮಾತು ಹೇಳಿದ್ದರೆ ಅತ್ತೆ ಪಕ್ಕಕ್ಕೆ ಸರಿಯುತ್ತಿದ್ದರು. ನನಗೆ ಗೆದ್ದಲಿನ ಬುದ್ಧಿ ಆಗಲೇ ಚೆನ್ನಾಗಿ ಗೊತ್ತಿತ್ತು. ಆದರೆ ನಾಳೆ ಎಂಬ ಆ ಶಬ್ದವನ್ನು ನನ್ನ ಜೊತೆ ಸೇರಿಸಿ ಹೇಳುವವರು ಈ ಭೂಮಿಯ ಮೇಲೆ ಅವರೊಬ್ಬರೇ ಉಳಿದಿದ್ದರು. ತವರಲ್ಲೂ ಹೇಳುವುದನ್ನು ಬಿಟ್ಟಿದ್ದರು. ನಾನು ಸುಮ್ಮನಿದ್ದೆ, ಅವನು ಅಟ್ಟದ ಅರ್ಧಕ್ಕೆ ಹೊಡೆದು ಇಳಿದ.

ಔಷಧಿ ಕೆಲಸ ಮಾಡಿತು. ಚೌಕಟ್ಟು ಹೊಸದಾಗಿ ಹಾಕಿಸಿದೆವು, ಗೋಡೆಗೆ ಸುಣ್ಣ ಹೊಡೆಸಿದೆವು. ವರ್ಷಗಟ್ಟಲೆ ಒಂದು ಮಣ್ಣಿನ ಗೆರೆ ಕಾಣಲಿಲ್ಲ. ಗೆದ್ದಲು ಹೋಯಿತು ಎಂದುಕೊಂಡೆ. ಅದು ಎಲ್ಲಿಗೂ ಹೋಗಿರಲಿಲ್ಲ. ಇಡೀ ಮನೆಯಲ್ಲಿ ವಿಷ ಬೀಳದ ಜಾಗ ಯಾವುದೋ ಅಲ್ಲಿಗೆ, ಗೋಡೆಯ ಒಳಗಿನಿಂದಲೇ ಹತ್ತಿ ಹೋಗಿತ್ತು. ಕೆಳಗಿನಿಂದ ನೋಡುವ ನಮಗೆ ಇಳಕಲ್ ಸೀರೆಯ ಮುಂದಿನ ಮಡಿಕೆ, ಅದರ ಗಂಟು ಮಾತ್ರ ಕಾಣುತ್ತಿತ್ತು. ಅವೆರಡೂ ಸರಿಯಾಗಿಯೇ ಇದ್ದವು.

ಹುಬ್ಬಳ್ಳಿಯ ಡಾಕ್ಟರು ಕೊನೆಗೊಮ್ಮೆ, ಇನ್ನು ಅಷ್ಟು ದೂರದಿಂದ ಯಾಕೆ ಬರುತ್ತೀರಿ ಎಂದರು. ಒಳ್ಳೆಯ ಮಾತಿನಲ್ಲೇ ಅಂದರು. ಬಸ್ಸಿನಲ್ಲಿ ನಮ್ಮ ಮನೆಯವರು ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟು, ಮುಂಡಗೋಡ ಬರುವವರೆಗೆ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಬಂದಿರಲಿಲ್ಲ ಎಂದು ನನಗೆ ಗೊತ್ತು. ಮನೆಯಲ್ಲಿ ಅತ್ತೆ, ಡಾಕ್ಟರು ಏನಂದರು ಎಂದು ಕೇಳಲಿಲ್ಲ. ಅಕ್ಕಿ ಆರಿಸುತ್ತಿದ್ದವರು ಆರಿಸುತ್ತಲೇ ಇದ್ದರು.

ಮರುವರ್ಷ ನಾದಿನಿಯ ಮಗಳು, ನಾನು ಬರುವ ಮುಂಚೆ ಆ ತೊಟ್ಟಿಲಲ್ಲಿ ಮಲಗಿ ಎದ್ದವಳು, ತಾನೇ ಒಂದು ಕೂಸು ಹೆತ್ತಳು. ನಾದಿನಿ ಫೋನು ಮಾಡಿದಳು. ಈ ಸಲ ಜೋರು ಮಾಡಲಿಲ್ಲ, ಮೊಮ್ಮಗಳಿಗೆ ಹೆಸರಿಡಬೇಕು, ತೊಟ್ಟಿಲು ಕೊಡ್ತೀಯೇನವ್ವಾ ಎಂದು ಕೇಳಿದಳಂತೆ. ಅತ್ತೆ ಒಂದು ಕ್ಷಣವೂ ತಡೆಯದೆ, “ಒಯ್ಯವ್ವಾ. ಇಲ್ಲಿ ಸುಮ್ನ ಕುಂತೇತಿ,” ಎಂದರು.

ನಾನು ಅಲ್ಲೇ ನಿಂತಿದ್ದೆ. ನನ್ನ ಎದುರೇ ಹೇಳಿದರು. ಆ ಗಂಟು ಅಲ್ಲಿಂದ ಹೋದರೆ ಸಾಕು ಎಂದು ಎಷ್ಟೋ ಸಲ ನಾನೇ ಅಂದುಕೊಂಡಿದ್ದೆ. ಮನೆಗೆ ಬಂದವರೆಲ್ಲ ಮೊದಲು ಅದರ ಕಡೆ, ಆಮೇಲೆ ನನ್ನ ಕಡೆ ನೋಡುವುದು ಕಂಡು ಹಲ್ಲು ಕಚ್ಚಿದ್ದೆ. ಈಗ ಅವರು ಕೊಟ್ಟುಬಿಟ್ಟಾಗ, ಅವರೂ ಕೈಬಿಟ್ಟರು ಎಂದು ತಿಳಿಯಿತು.

ನಾದಿನಿ ಬರುವ ದಿನ ಬೆಳಿಗ್ಗೆ ನಮ್ಮ ಮನೆಯವರು ಏಣಿ ಹತ್ತಿದರು. ಅತ್ತೆ ಕೆಳಗೆ ಕೈಯೊಡ್ಡಿ ನಿಂತರು. ನಾನು ಮುಟ್ಟಬಾರದವಳು, ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಭಾರದ ತೊಟ್ಟಿಲು ಎಂದು ನಮ್ಮ ಮನೆಯವರು ಕಾಲೂರಿ, ಉಸಿರು ಬಿಗಿಹಿಡಿದು ಎತ್ತಿದರು. ಅದು ಒಂದೇ ಕೈಯಲ್ಲಿ ಬಂದುಬಿಟ್ಟಿತು. ಅವರು ಏಣಿಯ ಮೇಲೆ ಜೋಲಿ ಹೊಡೆದು ಗೋಡೆ ಹಿಡಿದರು. ಹಿಂದಿನಿಂದ ಮಣ್ಣು ಸುರಿದು ಅತ್ತೆಯ ತಲೆ, ಹೆಗಲ ಮೇಲೆಲ್ಲ ಬಿತ್ತು.

ಕೆಳಗಿಟ್ಟು ಸೀರೆ ಬಿಚ್ಚಿದರು. ಸೀರೆಗೆ ಹಿಂಭಾಗವೇ ಇರಲಿಲ್ಲ. ನಾನು ಆ ತೊಟ್ಟಿಲನ್ನು ಮೊದಲ ಸಲ ನೋಡಿದ್ದು ಆಗ. ಎಷ್ಟು ಚಂದ ಇತ್ತು! ಕುಂಕುಮದ ಕೆಂಪು, ಅಂಚಿಗೆ ಹಳದಿ ಬಳ್ಳಿ, ನಾಲ್ಕೂ ಮೂಲೆಗೆ ಹಸಿರು ಗಿಳಿ. ಬಣ್ಣ ನಿನ್ನೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಅತ್ತೆ ಸೆರಗಿನಿಂದ ಗಿಳಿಯ ಮೇಲಿನ ಮಣ್ಣು ಒರೆಸಲು ಹೋದರು. ಸೆರಗಿನ ಜೊತೆ ಗಿಳಿಯೂ ಬಂತು. ಅಂಚನ್ನು ಹಿಡಿದರೆ ಅಂಚು ಪುಡಿಯಾಯಿತು. ತಳದ ಹಲಗೆ ತಾನಾಗಿ ಕುಸಿಯಿತು. ಅವರು ಕೈ ಹಿಂದೆ ತೆಗೆದುಕೊಂಡು ಕೂತುಬಿಟ್ಟರು. ನಾನು ಹೋಗಿ ತೊಟ್ಟಿಲ ಮೇಲೆ ಕೈಯಿಟ್ಟೆ. ಯಾರೂ ಬೇಡ ಎನ್ನಲಿಲ್ಲ.

ಅತ್ತೆ ಎದ್ದು, ಉಳಿದ ಸೀರೆಯನ್ನು ಮತ್ತೆ ಸುತ್ತಿದರು. ಗಿರಣಿಯ ಹಿಂದೆ ಇಡು ಎಂದು ಮಗನಿಗೆ ಹೇಳಿದರು. ತಲೆಯ ಮಣ್ಣು ಕೊಡವಿಕೊಂಡು, ನಾನು ನೆಲ ಗುಡಿಸುವುದನ್ನು ನೋಡುತ್ತ ನಿಂತರು. ಅಷ್ಟರಲ್ಲಿ ನಾದಿನಿಯ ಗಾಡಿ ಬಂತು. ಅವಳು ಕಾಲಿಗೆ ನೀರು ಹಾಕಿಕೊಳ್ಳುವ ಮುಂಚೆಯೇ ಅತ್ತೆ, “ತೊಟ್ಟಿಲ ಕೊಡಾಕ ಆಗೂದಿಲ್ಲವ್ವಾ. ನಮ್ಮ ಮನಿಗೇ ಬೇಕಾಗೇತಿ,” ಎಂದರು.

ನಾದಿನಿ ಅವರನ್ನು ನೋಡಿದಳು, ಆಮೇಲೆ ನನ್ನನ್ನು. ನನ್ನ ಮುಖ ಅತ್ತು ಕೆಂಪಾಗಿತ್ತು. ನಾನು ನಿರೀಕ್ಷಿಸಿದ ಸಿಟ್ಟು ಅವಳಿಗೆ ಬರಲಿಲ್ಲ. ಓಡಿಬಂದು ನನ್ನನ್ನು ತಬ್ಬಿಕೊಂಡಳು. “ಈ ವಯಸ್ಸಿನಾಗರ ಕಣ್ಣು ಬಿಟ್ನಲ್ಲವ್ವಾ ಶಿವಾ! ನನಗ ಒಂದ ಮಾತು ಹೇಳಲಿಲ್ಲ ನೀವು!” ಎಂದು ಗೋಳೋ ಎಂದು ಅತ್ತಳು, ಡಬ್ಬಿ ಹುಡುಕಿ ನನ್ನ ಬಾಯಿಗೆ ಸಕ್ಕರೆ ಹಾಕಿದಳು. ಎರಡು ಸಲ ತೊಟ್ಟಿಲು ಸಿಗದ ಹೆಂಗಸು ಅವಳು. ನನ್ನ ಸಂತೋಷಕ್ಕೆ ಅಷ್ಟು ಅತ್ತವರು ಬೇರೆ ಯಾರೂ ಇಲ್ಲ. ಆ ಸಂತೋಷವೊಂದು ಇರಲಿಲ್ಲ, ಅಷ್ಟೇ.

ಅವಳು ಹೋದ ಮೇಲೆ ಅತ್ತೆಯ ಮೇಲೆ ಎಗರಿದೆ. ಹದಿನೈದು ವರ್ಷಕ್ಕೂ ಹೆಚ್ಚಿನ ಸಂಸಾರದಲ್ಲಿ ಅವರಿಗೆ ಎದುರಾಡಿದ್ದು ಅದೊಂದೇ ಸಲ. ಯಾಕೆ ಹಾಗೆ ಹೇಳಿದಿರಿ, ಗೆದ್ದಲು ತಿಂತು ಅಂದಿದ್ದರೆ ಏನಾಗುತ್ತಿತ್ತು ಎಂದೆ.

“ತೊಟ್ಟಿಲಕ್ಕ ಗೆದ್ದಲ ಹತ್ತೇತಿ ಅಂದ್ರ ಮಂದಿ ತೊಟ್ಟಿಲದ ಮಾತ ಆಡೂದಿಲ್ಲವಾ. ನಿನ್ನ ಮಾತ ಆಡ್ತಾರ. ಸಾಯೂತನಕ ಆಡ್ತಾರ,” ಎಂದರು. ಸೆರಗಿಗೆ ಅಂಟಿದ್ದ ಮಣ್ಣು ಕೊಡವಿಕೊಂಡರು. “ನನಗ ಬ್ಯಾರೆ ಏನೂ ಹೊಳಿಲಿಲ್ಲ.”

ಅವರು ಹೇಳಿದ್ದು ನಿಜವೇ. ಆ ಮಾತು ಎಲ್ಲ ಬಾಯಿಗಳಲ್ಲಿ ಹೇಗೆ ತಿರುಗುತ್ತಿತ್ತು ಎಂದು ನನಗೆ ಕೇಳಿಸುತ್ತಿತ್ತು. ತೊಟ್ಟಿಲನ್ನು ಅವರೇ ಮರುದಿನ ಬಚ್ಚಲ ಒಲೆಗೆ ಹಾಕಿದರು. ಅರಗು ಚಟಪಟ ಎಂದು ಉರಿಯಿತು, ಆಮೇಲೆ ಮಣ್ಣು ಉಳಿಯಿತು. ಹಂಡೆಯ ನೀರು ಬೆಚ್ಚಗೂ ಆಗಲಿಲ್ಲ.

ಸುದ್ದಿ ಊರು ಹೊಕ್ಕಿತು. ನೆರೆಮನೆಯಾಕೆ ಬುತ್ತಿ ಕಟ್ಟಿಕೊಂಡು ಬಂದಳು. ಬಸುರಿಯ ಬಯಕೆಗೆಂದು ಕರಿಗಡಬು, ಹುಣಸೆ ತೊಕ್ಕು, ಎಣ್ಣೆಗಾಯಿ. ಎಷ್ಟು ತಿಂಗಳು ಎಂದು ಕೇಳಿದಳು. “ಇನ್ನ ಎಳೇದೈತವ್ವಾ, ಕೇಳಬ್ಯಾಡ,” ಎಂದರು ಅತ್ತೆ. ನನ್ನ ಮುಂದೆ ತಾಟು ಇಟ್ಟರು, ಇಬ್ಬರೂ ನೋಡುತ್ತ ಕೂತರು. ತಿಂದೆ. ರುಚಿಯಾಗಿತ್ತು ಎಂದು ಹೇಳಲಿಕ್ಕೆ ನಾಚಿಕೆಯಾಗುತ್ತದೆ, ಆದರೆ ರುಚಿಯಾಗಿತ್ತು. ನಮ್ಮ ಮನೆಯವರು ಆ ದಿನಗಳಲ್ಲಿ ಗಿರಣಿ ಬಿಟ್ಟು ಮನೆಗೆ ಬರುತ್ತಲೇ ಇರಲಿಲ್ಲ. ಯಾರಾದರೂ ಶುಭ ಹಾರೈಸಿದರೆ ಎಂಜಿನ್ ಚಾಲೂ ಮಾಡಿಬಿಡುತ್ತಿದ್ದರು.

ಕೆಲವು ವಾರ ಹಾಗೆ ನಡೆಯಿತು. ಒಂದು ಬೆಳಿಗ್ಗೆ ನಾನು ಏಳಲು ಹೋದಾಗ ಅತ್ತೆ ನನ್ನ ಹೆಗಲು ಹಿಡಿದು ಮಲಗಿಸಿದರು. “ಇವತ್ತ ಏಳಬ್ಯಾಡ. ಮುಗಿಸಿಬಿಡೂನು,” ಎಂದರು. ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು, ನೆರೆಮನೆಯಾಕೆಗೆ, “ನಿಲ್ಲಲಿಲ್ಲವ್ವಾ,” ಎಂದದ್ದು ಕೇಳಿಸಿತು.

ಹೆಂಗಸರು ಬಂದರು. ಬೈದುಕೊಂಡವರು, ಮಾತು ಬಿಟ್ಟವರೂ ಬಂದರು. ನನ್ನ ಮಂಚದ ಸುತ್ತ ನೆಲದ ಮೇಲೆ ಕೂತು ಕಾಲು ಒತ್ತಿದರು, ನೀರು ಕುಡಿಸಿದರು. ಅತ್ತೆ ಅವರೆದುರು ಸೆರಗು ಬಾಯಿಗಿಟ್ಟು ಅಳಲು ಶುರುಮಾಡಿದರು. ಅವರಿಗೆ ತೋರಿಸಲೆಂದೇ ಶುರುಮಾಡಿದ್ದು, ನನಗೆ ಗೊತ್ತು. ಆದರೆ ಆಮೇಲೆ ನಿಲ್ಲಿಸಲು ಅವರಿಂದಾಗಲಿಲ್ಲ. ಬಂದವರು ಎದ್ದು ಹೋದರು, ಒಲೆ ಹಚ್ಚುವ ಹೊತ್ತಾಯಿತು, ಅವರು ಅಳುತ್ತಲೇ ಇದ್ದರು. ಅಷ್ಟು ವರ್ಷಗಳಲ್ಲಿ ನನ್ನ ಮುಂದೆ ಒಂದು ಹನಿ ಹಾಕಿದವರಲ್ಲ. ನಾನು ಮೈಯಲ್ಲಿ ಯಾವ ನೋವೂ ಇಲ್ಲದೆ ಮಲಗಿಕೊಂಡು, ಗೋಡೆಯ ಕಡೆ ತಿರುಗಿ, ಹೊಟ್ಟೆ ಹಿಡಿದುಕೊಂಡು ಅತ್ತುಬಿಟ್ಟೆ. ಹುಟ್ಟಲೇ ಇಲ್ಲದ ಕೂಸಿಗೆ ಅಳಲು ಯಾರೂ ಯಾರ ಮನೆಗೂ ಬರುವುದಿಲ್ಲ. ನಮಗೆ ಅಳಲು ಒಂದು ದಿನ ಸಿಕ್ಕಿತು, ಅದೂ ಸುಳ್ಳು ಹೇಳಿದ್ದಕ್ಕೆ.

ಮರುದಿನ ಅತ್ತೆ ಬಾಣಂತಿಯರಿಗೆ ಮಾಡುವ ಅಂಟಿನ ಉಂಡಿ ಮಾಡಿದರು. ಒಣಕೊಬ್ಬರಿ ತುರಿದು, ಅಂಟು ಹುರಿದು, ಬೆಲ್ಲದ ಪಾಕ ಹಿಡಿದು, ಎಲ್ಲ ಸರಿಯಾಗಿ. ಮಂದಿಗೆ ತೋರಿಸಲಿಕ್ಕೆ ಎಂದುಕೊಂಡೆ. ಆದರೆ ಮುಂಬಾಗಿಲು ಮುಚ್ಚಿತ್ತು, ಅಗಳಿ ಹಾಕಿತ್ತು, ಮನೆಯಲ್ಲಿ ನಾವಿಬ್ಬರೇ ಇದ್ದೆವು. ಡಬ್ಬಿ ಖಾಲಿಯಾಗುವವರೆಗೆ ದಿನಾ ಬೆಳಿಗ್ಗೆ ಒಂದೊಂದು ಉಂಡಿ, ಬಿಸಿ ಹಾಲು ತಂದು ಕೈಗೆ ಕೊಟ್ಟರು. ನಾನು ತಿನ್ನುವ ತನಕ ಎದುರಿಗೆ ಕೂತಿರುತ್ತಿದ್ದರು.